ಮಂಜಜ್ಜಿಯ ಹಲ್ಲು

ಎಪ್ಪತ್ತು ದಾಟಿದ ಮಂಜಜ್ಜಿಗೆ ಇನ್ನೂ ಬಾಯ್ತುಂಬ ಹಲ್ಲು. ಬೆಳಗೆದ್ದು ಮಾವಿನೆಲೆ ಮಡಚಿ, ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಬೆರೆಸಿ ಅವಳು ಹಲ್ಲುಜ್ಜಲು ಕೂತರೆ ತಾಮ್ರದ ಹಂಡೆ ಬೆಳಗುವವರೂ ನಾಚಬೇಕು. ಓರಗೆಯ ಹೆಂಗಸರೆಲ್ಲ ಕವಳ ಹಾಕಿ ಬಾಯಿ ಕೆಂಪಗೆ ಮಾಡಿಕೊಂಡು ತಿರುಗಿದರೂ ಇವಳು ಅಡಿಕೆ ಮುಟ್ಟಿದವಳಲ್ಲ. ಹರಿವೆ ಸೊಪ್ಪಿನ ಬುಟ್ಟಿ ಹೊತ್ತು ಕುಮಟೆಯ ಸಂತೆಗೆ ನಡೆದೇ ಹೋಗುತ್ತಾಳೆ. ಮೋಟಾರು ನಿಲ್ಲಿಸಿ ಕಂಡಕ್ಟರ್ ಕರೆದರೆ, "ಕಾಲು ಒಂದ್ಸಲ ಕೂತ್ರೆ ಮತ್ತೆ ಏಳೂದಿಲ್ಲ, ನೀ ಹೋಗು ತಮಾ" ಎನ್ನುತ್ತಾಳೆ. ಸೊಪ್ಪು ಮುಗಿದ ಮೇಲೆ ಹಲ್ಲಿನ ಡಾಕ್ಟರ ಬೋರ್ಡಿನ ಕೆಳಗೇ ಕೂತು ಕಬ್ಬು ಸಿಗಿಯುತ್ತಾಳೆ. ಆ ಸದ್ದಿಗೆ ಒಳಗೆ ಕಾದು ಕೂತವರು ಕೆನ್ನೆ ಹಿಡಿದುಕೊಳ್ಳುತ್ತಾರಂತೆ. "ಈ ವಯಸ್ಸಲ್ಲಿ ಇಷ್ಟು ಹಲ್ಲು ಎಂತಕ್ಕೆ ಅಜ್ಜಿ?" ಎಂದು ಯಾರಾದರೂ ಕೆಣಕಿದರೆ, "ಮನೇಲಿ ಬಾಯಿ ಎರಡು ಅದೆ" ಎಂದಷ್ಟೇ ಹೇಳಿ ಬುಟ್ಟಿ ಎತ್ತುತ್ತಾಳೆ. ಗಂಡ ಉಂಡೆದ್ದ ಎಲೆಯಲ್ಲಿ ಹೆಂಡತಿ ಉಣ್ಣುವುದು ಆ ಊರಿನ ಕ್ರಮ. ಮಂಜಜ್ಜಿಯ ಮನೆಯಲ್ಲಿ ಮಾತ್ರ ಸಂಜೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಅವಳು ಹುರಿದ ಗೇರುಬೀಜವನ್ನು ಒಂದೊಂದಾಗಿ ನುಣ್ಣಗೆ ಅಗಿಯುತ್ತಾಳೆ, ಒಂದೂ ಹಲ್ಲುಳಿಯದ ಅವಳ ಗಂಡ ದುರ್ಗಗೌಡ ಆ ಎಂಜಲಿಗೆ ಕೈಯೊಡ್ಡಿ ಎದುರಿಗೆ ಕೂತಿರುತ್ತಾನೆ.