ಬಸ್ಸಿಗಿಂತ ಮೊದಲು

ಆ ಶನಿವಾರ ಬಸ್ಸು ನನ್ನನ್ನು ಹಿಡಿದದ್ದು ಮೂಡುಬಿದಿರೆ ಪೇಟೆಗೆ ಇನ್ನೊಂದೇ ತಿರುವು ಇರುವಾಗ. ಅಷ್ಟು ದೂರದವರೆಗೆ ನಾನು ಅದಕ್ಕೆ ಸಿಗದೆ ಓಡಿದ್ದು ಅದೇ ಮೊದಲು.

ಆಗ ನಾನು ಕಾಲೇಜಿನಲ್ಲಿದ್ದೆ. ತೋಡಾರಿನ ಮನೆಯಿಂದ ಆರು ಗಂಟೆಗೆ ಓಡಲು ಹೊರಡುತ್ತಿದ್ದೆ. ಅಣ್ಣ ಕಂಡಕ್ಟರ್ ಆಗಿದ್ದ ಬಸ್ಸು ಆರೂ ಹತ್ತಕ್ಕೆ ನಮ್ಮ ಸ್ಟಾಪು ಬಿಡುತ್ತಿತ್ತು. ಖಾಸಗಿ ಬಸ್ಸು, ಒಂದು ನಿಮಿಷ ಆಚೀಚೆ ಆಗುವಂತಿಲ್ಲ. ನನ್ನಲ್ಲಿ ವಾಚಿರಲಿಲ್ಲ. ಬಸ್ಸು ಎಲ್ಲಿ ಹಿಡಿಯುತ್ತದೋ ಅದೇ ಆ ದಿನದ ಅಳತೆ. ಬಸ್ಸಿಗಿಂತ ಮೊದಲು ಬಸ್‌ಸ್ಟ್ಯಾಂಡ್ ಮುಟ್ಟುವುದು ನಮ್ಮಿಬ್ಬರ ಪಂದ್ಯ.

ಅಣ್ಣ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ಸೀಟಿ ಊದಿ, ಪ್ರಯಾಣಿಕರನ್ನು ಕರೆಯುವ ಹಾಗೆ ತಂಗಿಯನ್ನೇ ಕರೆದ. "ಅಕ್ಕಾ, ಒಳಗೆ ಜಾಗ ಉಂಟು, ಬರ್ತೀರಾ?"

"ನಿನ್ನ ಡಬ್ಬಾ ಬಸ್ಸು ಯಾರಿಗೆ ಬೇಕು ಮಾರಾಯ!"

"ಸೋಮವಾರ ನೋಡುವ!"

ಕಿಟಕಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಪಕ್ಕೆ ಹಿಡಿದಿತ್ತು, ಆದರೂ ನಗು ಬಂತು. ಆಗೆಲ್ಲ ನೋವು ಹಾಗೆಯೇ, ನಗುವಿನ ಜೊತೆಗೇ ಇರುತ್ತಿತ್ತು.

ಭಾನುವಾರ ಅವನಿಗೆ ಜ್ವರ ಬಂತು. ಇಲಿಜ್ವರ ಎಂದು ಗೊತ್ತಾಗುವಾಗ ತಡವಾಗಿತ್ತು. ಶುಕ್ರವಾರ ಅವನು ತೀರಿಕೊಂಡ.

ಬಂಟ್ವಾಳದ ಹತ್ತು ಕಿಲೋಮೀಟರ್ ಓಟಕ್ಕೆ ನನ್ನ ಹೆಸರು ಕೊಟ್ಟಿದ್ದವನು ಅವನೇ. ಹೋಗುವುದೋ ಬೇಡವೋ ಎಂದು ಕೂತಿದ್ದಾಗ ನಮ್ಮ ಪಿ.ಟಿ. ಮೇಷ್ಟ್ರು ಮನೆಗೆ ಬಂದರು. "ಅಣ್ಣನನ್ನು ನೆನೆಸಿ ಓಡು ಮಗಾ. ಶಕ್ತಿ ತಾನಾಗಿ ಬರ್ತದೆ," ಎಂದರು. ನಾನು ನಂಬಿದೆ. ಓಟದ ಖುಷಿ ಹೀಗಾದರೂ ಉಳಿದೀತು ಎಂದುಕೊಂಡೆ.

ಶಕ್ತಿ ಬಂತು, ಸುಳ್ಳಲ್ಲ. ಆದರೆ ಅವನಿಗಾಗಿ ಓಡಬೇಕು ಎಂದುಕೊಂಡ ಮೇಲೆ ನಿಧಾನಿಸಿದರೆ ತಪ್ಪು, ಏದುಸಿರು ಬಿಟ್ಟರೂ ತಪ್ಪು ಅನ್ನಿಸತೊಡಗಿತು. ಮೂರನೇ ಕಿಲೋಮೀಟರಿನಲ್ಲೇ ಎಷ್ಟು ಉಳಿದಿದೆ ಎಂದು ಎಣಿಸುತ್ತಿದ್ದೆ. ಪಕ್ಕೆ ಹಿಡಿದದ್ದು ಅದೇ ಜಾಗದಲ್ಲಿ, ಅದೇ ನೋವು. ಈ ಸಲ ಅದು ಬರೀ ನೋವಾಗಿತ್ತು. ನೇತ್ರಾವತಿ ಬದಿಯ ರಸ್ತೆಯಲ್ಲಿ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು. ಕಾಲು ತಾನಾಗಿ ಜೋರಾಯಿತು. ಬಸ್ಸು ದಾಟಿ ಹೋಯಿತು. ಬಾಗಿಲಲ್ಲಿ ಯಾರೋ ನಿಂತಿದ್ದರು, ನನ್ನ ಕಡೆ ನೋಡಲೂ ಇಲ್ಲ.

ಎರಡನೆಯವಳಾಗಿ ಮುಟ್ಟಿದೆ. ಅಷ್ಟು ವೇಗವಾಗಿ ನಾನು ಹಿಂದೆಂದೂ ಓಡಿರಲಿಲ್ಲ. ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ನಾನು ಹುಲ್ಲಿನ ಮೇಲೆ ಕೂತು, ಇನ್ನೊಮ್ಮೆ ಓಡಬೇಕಾಗುತ್ತದಲ್ಲ ಎಂದು ಹೆದರುತ್ತಿದ್ದೆ.

ಮತ್ತೆ ಎರಡು ವರ್ಷ ಓಡಿದೆ. ಬೆಳ್ತಂಗಡಿಯಲ್ಲಿ ಒಮ್ಮೆ ಮೊದಲ ಬಹುಮಾನವೂ ಬಂತು. ಆದರೆ ಓಡುವಾಗ ಪ್ರತಿ ಸಲ ಬಂಟ್ವಾಳದ ಹಾಗೆಯೇ, ಬರೀ ನೋವು. ಕೊನೆಗೆ ಬಿಟ್ಟೆ.

ಈಗಲೂ ಕಾಲು ಗಟ್ಟಿ ಇದೆ, ಬೆಳಗ್ಗೆ ಪುರುಸೊತ್ತೂ ಇದೆ. ಓಡಬೇಕೆಂಬ ಆಸೆ ಮಾತ್ರ ಇಲ್ಲ.