ಬನ್ನೂರಿನ ಬಾವಿ ನೀರು

ಇದನ್ನು ಬರೆಯಬೇಕೆಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಬಿಡುವಾಗುತ್ತದೆ, ಆಗ ಬರೆದರಾಯಿತು ಎಂದುಕೊಂಡೆ. ಅಂಗಡಿ ಮುಚ್ಚಿತು, ಬಿಡುವಾಯಿತು, ಕಣ್ಣಿಗೆ ಪೊರೆ ಬಂತು, ಆ ಪೊರೆ ತೆಗೆಸಿದ್ದೂ ಆಯಿತು. ಇನ್ನು ಯಾವ ಸಬೂಬೂ ಉಳಿದಿಲ್ಲ. ಮೊನ್ನೆ ಮಗಳು ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟಳು. ಒಳಗೆ ಸಾಲಾಗಿ ಪುಟ್ಟ ಡಬ್ಬಿಗಳು, ಒಂದೊಂದರಲ್ಲೂ ಬೇರೆ ಬೇರೆ ಬೆಟ್ಟದ ಟೀ ಸೊಪ್ಪು. "ನೀವು ಟೀ ಅಂಗಡಿ ಮನೆಯವರಲ್ವಾ ಅಪ್ಪಾಜಿ, ಕುಡಿದು ಹೇಳಿ, ಯಾವುದು ಚೆನ್ನಾಗಿದೆ ಅಂತ" ಎಂದಳು. ಅವಳು ಹೋದ ಮೇಲೆ ಒಂದು ಡಬ್ಬಿಯ ಮುಚ್ಚಳ ತೆಗೆದೆ. ಒಣಗಿದ ಕಿತ್ತಳೆ ಸಿಪ್ಪೆ, ಹೊಸದಾಗಿ ಕುಯ್ದ ಹಲಗೆ, ಅದರ ಹಿಂದೆ ಮಳೆಗೆ ಮುಂಚಿನ ಗಾಳಿಯಂಥದ್ದೇನೋ. ಆ ವಾಸನೆಯ ಒಳಗೆ ನಂಜನಗೂಡಿನ ನಮ್ಮ ಮನೆಯಿತ್ತು. ಪಡಸಾಲೆಯಲ್ಲಿ ನನ್ನ ಸೋದರತ್ತೆ ಕುಳಿತಿದ್ದರು.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಮೊಬೈಲು ರಿಪೇರಿ ಮಾಡುವ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು. ನಿಮ್ಮ ಬಾಲ್ಯದ ಮನೆಯೂ ಹೀಗೆ ಯಾವುದೋ ಅಂಗಡಿಯ ಅಡಿಯಲ್ಲಿ ಮುಚ್ಚಿಹೋಗಿದ್ದರೆ, ಅದರೆದುರು ನಿಂತು ಬಸ್ಸಿಗೆ ಕಾಯುವುದು ಹೇಗಿರುತ್ತದೆಂದು ನಿಮಗೆ ಗೊತ್ತಿರುತ್ತದೆ. ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಊಟಿ ರಸ್ತೆಯಲ್ಲಿ ಇಳಿದು ಬರುವ ಲಾರಿಗಳು ನಮ್ಮ ಬಾಗಿಲಲ್ಲಿ ಟೀ ಪೆಟ್ಟಿಗೆಗಳನ್ನು ಇಳಿಸಿ ಹೋಗುತ್ತಿದ್ದವು. ಅಂಚಿಗೆ ತಗಡು ಬಡಿದ, ಒಳಗೆ ಬೆಳ್ಳಿ ಕಾಗದ ಹೊದಿಸಿದ ತೆಳುಹಲಗೆಯ ಪೆಟ್ಟಿಗೆಗಳು. ನಮ್ಮ ಅಪ್ಪಾಜಿ ಆ ಟೀಯನ್ನು ಬಿಡಿಯಾಗಿ ತೂಗಿ ಮಾರುತ್ತಿದ್ದರು, ಟಿ. ನರಸೀಪುರ, ಬನ್ನೂರು, ತಲಕಾಡಿನ ಹೋಟೆಲುಗಳಿಗೆ ಬೆರೆಸಿ ಕಳಿಸುತ್ತಿದ್ದರು. ಬೆರೆಸುವ ಹದ ಮಾತ್ರ ಅತ್ತೆಯದು. ಅತ್ತೆ ಅಪ್ಪಾಜಿಗೆ ಅಕ್ಕ. ಹೆಮ್ಮಿಗೆಗೆ ಕೊಟ್ಟಿದ್ದರು, ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡು, ತಮ್ಮನ ಮನೆಗೆ ವಾಪಸು ಬಂದವರು. ಅಂಥ ಹೆಂಗಸರಿಗೆ ಆಗಿನ ಮನೆಗಳಲ್ಲಿ ಒಲೆ, ಒರಳು, ಕಂಡವರ ಬಾಣಂತನ, ಇಷ್ಟೇ ಪಾಲು. ಅತ್ತೆಗೆ ಮಾತ್ರ ಪಡಸಾಲೆಯಲ್ಲಿ ಒಂದು ಮಣೆಯಿತ್ತು. ಗಂಡಸರು ಅದರ ಮುಂದೆ ನಿಂತುಕೊಂಡು ಅವರ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಆ ಮಣೆಯ ಮೇಲೆ ಅವರನ್ನು ಕೂರಿಸಿದ್ದು ಅವರ ನಾಲಿಗೆ. ಅದು ಬಿಟ್ಟರೆ ಈ ಲೋಕದಲ್ಲಿ ಅವರಿಗೆ ತಮ್ಮದೆನ್ನುವಂಥದ್ದು ಏನೂ ಇರಲಿಲ್ಲ.

ಹೊಸ ಪೆಟ್ಟಿಗೆ ಬಂದ ಮಾರನೆಯ ಬೆಳಿಗ್ಗೆ ಅತ್ತೆ ಎಲೆಅಡಿಕೆ ಮುಟ್ಟುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೂ ಪಡಸಾಲೆಗೆ ಬರಕೂಡದು. ಬಿಳಿ ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ಒಂದು ಚಿಟಿಕೆ ಸೊಪ್ಪು ಹಾಕಿ, ಕುದಿಯುವ ನೀರು ಹೊಯ್ದು, ಮೇಲೆ ತಟ್ಟೆ ಮುಚ್ಚುವರು. ಗಡಿಯಾರ ನೋಡುತ್ತಿರಲಿಲ್ಲ. ಬಾಯಲ್ಲೇ ಒಂದು ವಚನ ಹೇಳಿಕೊಳ್ಳುವರು. ಕಾಳು ಕಾಳಾದ ಹರಳು ಟೀಗೆ ಅದು ಮುಗಿದರೆ ಸಾಕು, ಉದ್ದ ಎಲೆಯ ಟೀಗೆ ಮತ್ತೆ ಮೊದಲಿನಿಂದ. ಆಮೇಲೆ ಚಮಚದಲ್ಲಿ ಎತ್ತಿ ಸುರ್ರೆಂದು ಇಡೀ ಬೀದಿಗೆ ಕೇಳುವಂತೆ ಹೀರಿ, ಕಣ್ಣು ಮುಚ್ಚಿ, ಬಚ್ಚಲ ಕಡೆ ಉಗಿಯುವರು. ನನಗೂ ಒಂದೊಂದು ಗುಟುಕು ಕೊಡುತ್ತಿದ್ದರು. ಬೆಟ್ಟದ ಎಲೆ ಟೀ ಬಾಯಲ್ಲಿ ಹೂವಿನಂತೆ ಬಂದು ಗಂಟಲಲ್ಲಿ ಕಿತ್ತಳೆ ಸಿಪ್ಪೆಯ ಕಹಿ ಬಿಟ್ಟು ಹೋಗುತ್ತಿತ್ತು. ದೂರದ ಅಸ್ಸಾಮಿನದಕ್ಕೆ ಹುರಿದ ರಾಗಿಹಿಟ್ಟಿನ ವಾಸನೆ. ಹರಳು ಟೀಗೆ ಇಟ್ಟಿಗೆಯ ಬಣ್ಣ, ನಾಲಿಗೆಯ ಎರಡೂ ಪಕ್ಕವನ್ನು ಹಿಡಿದು ಹಿಂಡುವ ಒಗರು. ಪೆಟ್ಟಿಗೆಯ ತಳದ ಪುಡಿಗೆ ಬರೀ ಕಬ್ಬಿಣದ ರುಚಿ. ಹಾಲು ಸಕ್ಕರೆ ಕೇಳಿದರೆ ಅತ್ತೆಗೆ ಎಲ್ಲಿಲ್ಲದ ಸಿಟ್ಟು. "ಹಾಲು ಉಯ್ದ್ರೆ ಎಲ್ಲ ಟೀನೂ ಒಳ್ಳೇದೇ ಕಣ್ಲಾ. ಸಕ್ರೆ ಆಕುದ್ರೆ ಎಲ್ಲ ನೆಂಟ್ರೂ ಒಳ್ಳೇವ್ರೇ" ಎನ್ನುವರು.

ಅವರ ಒಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಟೀ ಯಾವ ಊರಿಗೆ ಹೋಗುತ್ತದೋ ಆ ಊರಿನ ನೀರಿನಲ್ಲೇ ಅದನ್ನು ಕುದಿಸಿ ನೋಡಬೇಕು. ನಂಜನಗೂಡಿನ ಹೋಟೆಲಿಗಾದರೆ ಕಪಿಲೆಯ ನೀರು. ಅದು ಮೆದು, ಎಲೆ ಟೀಯ ಪರಿಮಳವನ್ನು ಹಾಗೇ ಬಿಟ್ಟುಕೊಡುತ್ತದೆ. ನಮ್ಮಿಂದ ಹೆಚ್ಚು ಟೀ ತರಿಸುತ್ತಿದ್ದ ಬನ್ನೂರಿನ ಹೋಟೆಲಿನದು ಬಾವಿ ನೀರು. ಸೋಪು ನೊರೆಯೇಳದ, ಬೇಳೆ ಬೇಯದ ಗಡಸು ನೀರು. ಅದರಲ್ಲಿ ಎಲೆ ಟೀ ಸತ್ತುಹೋಗುತ್ತದೆ, ಹರಳೇ ಹೆಚ್ಚಿಗೆ ಬೀಳಬೇಕು. "ನೀರೇ ಅರ್ಧ ಟೀ" ಎಂದು ಅತ್ತೆ ಹೇಳಿದರೆ ಅಂಗಡಿಗೆ ಬಂದವರು ನಗುತ್ತಿದ್ದರು, ಆದರೆ ಟೀಗೆ ಮಾತ್ರ ನಮ್ಮಲ್ಲಿಗೇ ಬರುತ್ತಿದ್ದರು. ಪೆಟ್ಟಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಬಸ್ಸು ಹತ್ತಿ ಆಯಾ ಊರಿನ ನೀರು ತರಬೇಕಿತ್ತು. ನಾನು ಹೈಸ್ಕೂಲಿಗೆ ಬಂದ ಮೇಲೆ ಆ ಕೆಲಸ ನನ್ನದಾಯಿತು. ಮುಚ್ಚಳವಿದ್ದ ಅಲ್ಯೂಮಿನಿಯಂ ಕ್ಯಾನು ಹಿಡಿದು ಹೊರಟರೆ ಕಂಡಕ್ಟರು, "ಏನಪ್ಪಾ, ಗಂಗೆ ತರೋಕೆ ಹೊರಟೆಯಾ ಭಗೀರಥ?" ಎಂದು ಕಾಡುತ್ತಿದ್ದ.

ಬನ್ನೂರಿಗೆ ಹೋಗಬೇಕಾದರೆ ಟಿ. ನರಸೀಪುರದಲ್ಲಿ ಇಳಿದು ಬಸ್ಸು ಬದಲಿಸಬೇಕು. ಆ ದಿನ ಬಿಸಿಲು ಜೋರಾಗಿತ್ತು. ಬಸ್ಸು ಬರಲು ಇನ್ನೂ ಹೊತ್ತಿದೆಯೆಂದು ಸಂಗಮದ ಕಡೆ ಹೋದೆ. ನನ್ನ ವಯಸ್ಸಿನ ಹುಡುಗರು ಮೆಟ್ಟಿಲ ಮೇಲಿನಿಂದ ಹೊಳೆಗೆ ಹಾರುತ್ತಿದ್ದರು. ಅಂಗಿ ಬಿಚ್ಚಿ ಕ್ಯಾನಿನ ಮೇಲಿಟ್ಟು ನಾನೂ ಹಾರಿದೆ. ಮೇಲೆ ಬಂದಾಗ ಬನ್ನೂರಿನ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಹಿಡಿದರೆ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿ, ಯಾಕೆ ತಡವೆಂದು ಅಪ್ಪಾಜಿಯ ಕೈಯಲ್ಲಿ ಏಟು ತಿನ್ನಬೇಕಿತ್ತು. ನೀರು ತಾನೆ ಎಂದುಕೊಂಡೆ. ಮೆಟ್ಟಿಲ ಮೇಲೆ ಕುಳಿತು, ಕ್ಯಾನನ್ನು ಮುಳುಗಿಸಿ, ಎರಡು ಹೊಳೆ ಸೇರುವ ಆ ನೀರನ್ನೇ ತುಂಬಿಕೊಂಡು ನಂಜನಗೂಡಿನ ಬಸ್ಸು ಹತ್ತಿದೆ.

ಮಾರನೆಯ ಬೆಳಿಗ್ಗೆ ಅತ್ತೆ ಒಂದು ಗುಟುಕು ಹೀರಿದರು. ಉಗಿಯಲಿಲ್ಲ. ಬಾಯಲ್ಲೇ ಹಿಡಿದುಕೊಂಡು ನನ್ನ ಕಡೆ ನೋಡಿದರು. ಆಮೇಲೆ ಉಗಿದು, "ಎಲ್ಲಿ ತುಂಬ್ಕಂಡ್ಯೋ ಇದ್ನ?" ಎಂದರು.

"ಬನ್ನೂರಲ್ಲೇ ಅತ್ತೆ. ಹೋಟ್ಲು ಬಾವೀಲಿ."

"ಬಾವಿ ನೀರಲ್ಲ ಕಣ್ಲಾ ಇದು. ಹೊಳೆ ನೀರು. ನಮ್ಮ ಹೊಳೇದೂ ಅಲ್ಲ, ಅದುಕ್ಕೆ ಇನ್ನೊಂದು ಸೇರೈತೆ. ನನ್ನ ಮಕ ನೋಡ್ಕಂಡು ಯೋಳು."

ಪಡಸಾಲೆಯಲ್ಲಿ ಅಪ್ಪಾಜಿ ಇದ್ದರು. ಪೆಟ್ಟಿಗೆ ಇಳಿಸಿದ ಲಾರಿಯ ಡ್ರೈವರು ಗೋಡೆಗೊರಗಿ ಬೀಡಿ ಹಚ್ಚಲೋ ಬೇಡವೋ ಎಂದು ನೋಡುತ್ತಿದ್ದ. ನಾನು ಅತ್ತೆಯ ಮುಖ ನೋಡಿಕೊಂಡೇ ಹೇಳಿದೆ, ಬಾವಿ ನೀರೇ ಎಂದು. ಅಪ್ಪಾಜಿ ನನ್ನನ್ನೂ ಅವರನ್ನೂ ಒಮ್ಮೆ ನೋಡಿದರು. ಅಷ್ಟಕ್ಕೇ ನಾನು ಸುಮ್ಮನಾಗಿದ್ದರೆ ಅದು ಏಟಿಗೆ ಹೆದರಿದ ಹುಡುಗನ ಸುಳ್ಳಾಗಿ ಉಳಿಯುತ್ತಿತ್ತು, ನಾನೂ ಮರೆಯುತ್ತಿದ್ದೆನೋ ಏನೋ. ನಾನು ಸುಮ್ಮನಾಗಲಿಲ್ಲ. "ಅತ್ತೆಗೆ ಈಗ ರುಚಿ ಗೊತ್ತಾಗಲ್ಲ ಅಪ್ಪಾಜಿ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿರ್ಲಿಲ್ವಾ?" ಎಂದೆ.

ಅದು ನಿಜವಾಗಿತ್ತು. ಪಕ್ಕದ ಮನೆಯವರೊಡನೆ ಮಾತಾಡುತ್ತಾ ಮರೆತು ಮತ್ತೊಮ್ಮೆ ಉಪ್ಪು ಹಾಕಿದ್ದರು, ಊಟಕ್ಕೆ ಕುಳಿತವರೆಲ್ಲ ನಕ್ಕಿದ್ದೆವು. ಸುಳ್ಳಿಗೆ ಒಂದು ನಿಜವನ್ನು ಸೇರಿಸಿದರೆ ಅದು ಎಷ್ಟು ಗಟ್ಟಿಯಾಗುತ್ತದೆಂದು ನಾನು ಕಲಿತದ್ದು ಅವತ್ತು. ಡ್ರೈವರು ನಕ್ಕ. "ಅಮ್ಮಾರ ನಾಲಿಗೆಗೂ ರಿಟೈರ್‌ಮೆಂಟ್ ಕೊಡ್ಬುಡಿ ಸಾ" ಎಂದ. ಅಪ್ಪಾಜಿ ನಗಲಿಲ್ಲ, ಅವನನ್ನು ಗದರಿಸಲೂ ಇಲ್ಲ. ಅತ್ತೆ ಮತ್ತೆ ಚಮಚ ಎತ್ತಿ ಹೀರಿದರು. ಮತ್ತೊಮ್ಮೆ ಹೀರಿದರು. ಆ ಸುರ್ರೆನ್ನುವ ಸದ್ದು ಸಣ್ಣದಾಗುತ್ತಾ ಹೋಯಿತು. ಕೊನೆಗೆ ಚಮಚವನ್ನು ಬಟ್ಟಲಿನ ಪಕ್ಕದಲ್ಲಿ ಮೆಲ್ಲಗಿಟ್ಟು, "ಇರ್ಬೌದು. ಉಡ್ಗ ಯಾಕೆ ಸುಳ್ಳು ಯೋಳ್ತಾನೆ" ಎಂದರು.

ಎದುರಿಗಿದ್ದ ನೀರಿಗೆ ತಕ್ಕಂತೆ ಅತ್ತೆ ಹದ ಹೇಳಿದರು: ಎಲೆ ಹೆಚ್ಚು, ಹರಳು ಕಡಿಮೆ. ಆ ಟೀ ಬನ್ನೂರಿಗೆ ಹೋಯಿತು. ಒಂದು ವಾರ ಕಳೆಯುವುದರೊಳಗೆ ಹೋಟೆಲಿನ ಯಜಮಾನ ನಮ್ಮ ಬಾಗಿಲಲ್ಲಿ ನಿಂತಿದ್ದ. "ಏನ್ ಸಾ, ಎಮ್ಮೆ ತೊಳ್ದಿದ್ ನೀರಿದ್ದಂಗೈತಲ್ಲ ನಿಮ್ಮ ಟೀ. ಮ್ಯಾಲೆ ಎಣ್ಣೆ ತೇಲ್ದಂಗೆ ಪೊರೆ. ಗಿರಾಕಿಗಳು ಲೋಟ ನೋಡಾಕಿಲ್ಲ, ನನ್ನ ಮಕ ನೋಡ್ತವ್ರೆ" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಾಡಿದ. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ನೀರು ಬೇರೆಯೆಂದು ಅತ್ತೆ ಅವತ್ತೇ ಹೇಳಿದ್ದನ್ನು ಯಾರೂ ಎತ್ತಲಿಲ್ಲ. ಮಗ ಸುಳ್ಳು ಹೇಳಿದ ಎಂದು ನಂಬುವುದಕ್ಕಿಂತ ಅಕ್ಕನಿಗೆ ವಯಸ್ಸಾಯಿತು ಎಂದು ನಂಬುವುದು ಅಪ್ಪಾಜಿಗೆ ಸುಲಭವಾಗಿತ್ತು. "ಸಾಕು ಬಿಡಕ್ಕ. ಇನ್ನು ನಾನು ನೋಡ್ಕೋತೀನಿ" ಎಂದರು, ಅಷ್ಟೇ. ಬೈದಿದ್ದರೆ ಅತ್ತೆ ಜಗಳವಾಡುತ್ತಿದ್ದರು. ಅವರ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಆದರೆ ಅಪ್ಪಾಜಿಯ ಮಾತಿನಲ್ಲಿ ಕನಿಕರವಿತ್ತು, ಅದಕ್ಕೆ ಎದುರಾಡುವುದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಪೆಟ್ಟಿಗೆಗಳು ಬಂದಾಗ ಅಪ್ಪಾಜಿ ಆ ಮಣೆಯ ಮೇಲೆ ನನ್ನನ್ನು ಕೂರಿಸಿದರು. ಗೊತ್ತಿಲ್ಲವೆಂದು ಹೇಳಬಹುದಿತ್ತು. ಹೇಳದೆ ಕುಳಿತೆ. ಅತ್ತೆಯಂತೆಯೇ ಸುರ್ರೆಂದು ಹೀರಿದೆ, ಅತ್ತೆಯಂತೆಯೇ ಕಣ್ಣು ಮುಚ್ಚಿದೆ. ಅತ್ತೆ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದರು. ಅಂದಿನಿಂದ ಅವರು ಸಾರಿನ ರುಚಿಯನ್ನೂ ನೋಡುತ್ತಿರಲಿಲ್ಲ. ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ಅಮ್ಮನ ಮುಂದೆ ಹಿಡಿದು, "ನೋಡವ್ವ, ಉಪ್ಪು ಸರಿಯಾಗೈತಾ?" ಎಂದು ಕೇಳುವರು. ಟೀ ಕುಡಿಯುವುದನ್ನಂತೂ ಬಿಟ್ಟೇಬಿಟ್ಟರು, ಬೆಳಿಗ್ಗೆ ಬಿಸಿನೀರು ಕುಡಿಯುತ್ತಿದ್ದರು. ಮುಂದಿನ ಬೇಸಿಗೆಗೆ, ಮೈದುನನ ಮನೆಯಲ್ಲಿ ಕೆಲಸಕ್ಕೆ ಜನವಿಲ್ಲವಂತೆ ಎಂದು ತಾವೇ ಹೇಳಿಕೊಂಡು ಹೆಮ್ಮಿಗೆಗೆ ಹೊರಟುಹೋದರು. ಯಾರೂ ಕಳಿಸಲಿಲ್ಲ. ಬೇಡವೆಂದು ಯಾರೂ ತಡೆಯಲೂ ಇಲ್ಲ. ಪಿಂಗಾಣಿ ಬಟ್ಟಲುಗಳಲ್ಲಿ ಅಮ್ಮ ಉಪ್ಪಿನಕಾಯಿ ಬಡಿಸತೊಡಗಿದರು. ನನ್ನ ನಾಲಿಗೆಯ ಯೋಗ್ಯತೆ ಊರಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದೊಂದಾಗಿ ಹೋಟೆಲುಗಳು ನಮ್ಮ ಕೈಬಿಟ್ಟವು. ಪ್ಯಾಕೆಟ್ ಟೀ ಬಂದದ್ದರಿಂದ ವ್ಯಾಪಾರ ಹೋಯಿತೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಮದುವೆಯಾದ ಮೇಲೆ ಒಂದು ಸಲ, ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೆಮ್ಮಿಗೆಗೆ ಹೋದೆ. ಅತ್ತೆ ಕೊಟ್ಟಿಗೆಗೆ ತಾಗಿದ್ದ ಸಣ್ಣ ಕೋಣೆಯಲ್ಲಿದ್ದರು. ನನ್ನನ್ನು ಕಂಡು ಎಷ್ಟು ಖುಷಿಪಟ್ಟರೆಂದರೆ, ಬಂದ ಕೆಲಸ ಹೇಳಲು ಬಾಯಿ ಬರಲಿಲ್ಲ. ಯಾರ ಮನೆಯಿಂದಲೋ ಟೀ ಸೊಪ್ಪು ಕೇಳಿ ತಂದರು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಪಾತ್ರೆಗೆ ತಟ್ಟೆ ಮುಚ್ಚಿ, ಬಾಯಲ್ಲೇ ಅದೇ ವಚನ ಹೇಳಿಕೊಂಡರು. ಲೋಟವನ್ನು ನನ್ನ ಕೈಗೆ ಕೊಟ್ಟು, "ನಂಗೆ ಗೊತ್ತಾಗಾಕಿಲ್ಲ ಕಣಪ್ಪ. ನೀನೇ ಕುಡುದು ಯೋಳು, ಎಂಗೈತೆ?" ಎಂದರು.

ಕುಡಿದೆ. ಹಾಲಿರಲಿಲ್ಲ, ಚೂರು ಬೆಲ್ಲ ಮಾತ್ರ. ಅಷ್ಟು ಹದವಾದ ಟೀಯನ್ನು ನಾನು ಅದಕ್ಕೆ ಮೊದಲೂ ಆಮೇಲೂ ಕುಡಿದಿಲ್ಲ. ಆ ಊರಿನ ಬಾವಿಯ ನೀರು, ಯಾರೋ ಕೊಟ್ಟ ಹಳೆಯ ಸೊಪ್ಪು. ಎರಡಕ್ಕೂ ಏನು ಬೇಕೋ ಅದನ್ನು ಅವರ ಕೈ ತಾನಾಗಿಯೇ ಮಾಡಿತ್ತು. ನಾಲಿಗೆ ಹಾಗೇ ಇತ್ತು. ಸತ್ತದ್ದು ಅದರ ಮೇಲಿನ ನಂಬಿಕೆ. "ಅವತ್ತು ನೀವು ಹೇಳಿದ್ದೇ ಸರಿ ಅತ್ತೆ" ಎನ್ನಬೇಕಿತ್ತು. ಅಷ್ಟೇ ಸಾಕಿತ್ತು. "ಚೆನ್ನಾಗಿದೆ ಅತ್ತೆ" ಎಂದೆ.

"ನಿಜ್ವಾಗ್ಲೂ?"

"ನಿಜವಾಗ್ಲೂ."

"ನೀನು ಸುಳ್ಳು ಯೋಳಾಕಿಲ್ಲ ಬುಡು" ಎಂದು ನಕ್ಕರು. ಆ ನಗುವಿನಲ್ಲಿ ಕೊಂಕಿತ್ತೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡು ನೋಡಿದ್ದೇನೆ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಇರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಅವರು ತೀರಿಕೊಂಡ ಸುದ್ದಿ ನಮಗೆ ತಲುಪಿದಾಗ ಮಣ್ಣು ಮಾಡಿ ಆಗಿತ್ತು.

ಈ ವಾರವೆಲ್ಲ ಮಗಳು ತಂದ ಡಬ್ಬಿಗಳ ಸೊಪ್ಪನ್ನು ಒಂದೊಂದಾಗಿ ಕುದಿಸಿ ಕುಡಿದೆ. ಹಸಿರು ಟೀಗೆ ನುಗ್ಗೆಸೊಪ್ಪು ಬೇಯಿಸಿದ ನೀರಿನ ರುಚಿ. ಬೆಳ್ಳಗೆ ನವಿರಾಗಿರುವುದೊಂದು ಸೌತೆಕಾಯಿ ತೊಳೆದ ನೀರಿನಂತಿದೆ. ಇನ್ನೊಂದಕ್ಕೆ ಹೊಗೆ ಹಿಡಿದ ಹಾಲಿನ ನಾತ. ಕಿತ್ತಳೆ ಸಿಪ್ಪೆಯ ವಾಸನೆಯಿದ್ದ ಬೆಟ್ಟದ ಎಲೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ವಚನ ಹೇಳಿಕೊಂಡು, ಮುಗಿಸಿ, ಮತ್ತೆ ಮೊದಲಿನಿಂದ ಹೇಳಿ, ತಟ್ಟೆ ತೆಗೆದು ಹೀರಿದೆ. ವಾಸನೆಯಿತ್ತು, ಬಣ್ಣವಿತ್ತು, ಗಂಟಲಲ್ಲಿ ಕಹಿಯೂ ಇತ್ತು, ಊರು ಮಾತ್ರ ಇರಲಿಲ್ಲ. ಈಗ ನಂಜನಗೂಡಿನಲ್ಲೂ ಬನ್ನೂರಿನಲ್ಲೂ ಕುಡಿಯುವುದು ಶುದ್ಧೀಕರಿಸಿ ಕ್ಯಾನಿಗೆ ತುಂಬಿದ ನೀರನ್ನೇ. ಎಲ್ಲಿ ಹೋದರೂ ಒಂದೇ ರುಚಿ, ಅಂದರೆ ಯಾವ ರುಚಿಯೂ ಇಲ್ಲ. ಬನ್ನೂರಿನ ಆ ಬಾವಿಯನ್ನು ಮುಚ್ಚಿ ಮೇಲೆ ಸಿಮೆಂಟು ಹಾಕಿದ್ದಾರೆ. ಇವತ್ತು ಒಬ್ಬ ಹುಡುಗ ನನ್ನಂಥ ಸುಳ್ಳು ಹೇಳಿದರೆ ಹಿಡಿಯಬಲ್ಲ ನಾಲಿಗೆ ಎಲ್ಲೂ ಇಲ್ಲ. ಅದರ ಅಗತ್ಯವೂ ಯಾರಿಗೂ ಇಲ್ಲ.

ಉಳಿದ ಟೀಯನ್ನು ಬಚ್ಚಲಿಗೆ ಚೆಲ್ಲಿದೆ. ಇಷ್ಟೆಲ್ಲ ಬರೆದರೂ ಅವರ ಹೆಸರನ್ನು ಎಲ್ಲೂ ಬರೆದಿಲ್ಲವೆಂದು ಈಗ ನೋಡಿಕೊಂಡೆ. ಗಂಡ ಹೋದ ಮೇಲೆ ಆ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಾಣೆ. ಅಪ್ಪಾಜಿಗೆ ಅಕ್ಕ, ನಮಗೆ ಅತ್ತೆ, ಅಂಗಡಿಗೆ ಬರುವವರಿಗೆ ಅಮ್ಮಾರು. ಕೇಳಬೇಕಾದವರು ಇಲ್ಲವೆಂದು ಗೊತ್ತಿದ್ದೂ ಇಲ್ಲಿ ಹೇಳುತ್ತೇನೆ. ಅದು ಹೊಳೆ ನೀರೇ. ಎರಡು ಹೊಳೆಯ ನೀರು. ನೀವು ಹೇಳಿದ್ದೇ ಸರಿ, ಮಲ್ಲಾಜಮ್ಮ.