ಕುಂಟಿದ್ದು, ಓಡಿದ್ದು

ಹೋದ ವರ್ಷ ತಿತಿಮತಿಯ ಸಮುದಾಯ ಭವನದಲ್ಲಿ ಅರವತ್ತು ದಾಟಿದವರಿಗೆಂದು ವ್ಯಾಯಾಮದ ತರಗತಿ ಶುರುವಾಯಿತು. ವಾರಕ್ಕೆರಡು ಬೆಳಿಗ್ಗೆ, ಪುಕ್ಕಟೆ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಎಲ್ಲರ ತಪ್ಪು ಹುಡುಕುತ್ತ ಕೂತಿದ್ದ ನನ್ನನ್ನು ಹೆಂಡತಿಯೇ ಹೊರಡಿಸಿದಳು.

ಕಲಿಸಲು ಮೈಸೂರಿನಿಂದ ಬಂದಿದ್ದ ಫಿಸಿಯೋಥೆರಪಿ ಮೇಡಂ ಮೊದಲ ದಿನವೇ ಬಿಚ್ಚಿ ಹೇಳಿದರು: "ಇದಕ್ಕೆ ದುಡ್ಡು ಹಾಕಿರೋ ಟ್ರಸ್ಟಿನವರು ಮೂರು ತಿಂಗಳು ನೋಡ್ತಾರೆ. ಖರ್ಚಿಗೆ ತಕ್ಕ ಫಲ ಕಂಡ್ರೆ ಮುಂದುವರಿಸ್ತಾರೆ, ಇಲ್ಲಾಂದ್ರೆ ಬಂದ್. ಈಗೊಂದು ಸಲ, ಕೊನೇಲೊಂದು ಸಲ ನಿಮ್ಮ ಶಕ್ತಿ ಅಳೀತೀನಿ."

ನನ್ನ ತಲೆ ಓಡಿತು. ಚಹಾದಂಗಡಿಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆ: "ಈಗಲೇ ಚೆನ್ನಾಗಿ ಮಾಡಿದ್ರೆ ಆಮೇಲೆ ಸುಧಾರಿಸೋದೇನು? ಮೊದಲು ಕುಂಟಬೇಕು."

"ಎಷ್ಟು ಕುಂಟಬೇಕು?" ಎಂದ ಗೆಳೆಯ, ಅರಣ್ಯ ಇಲಾಖೆಯ ಹಳೆಯ ವಾಚರ್.

"ಅವರವರ ಯೋಗ್ಯತೆಗೆ ತಕ್ಕಷ್ಟು."

ನಮ್ಮ ತೋಟದ ಕೂಲಿ ಲೈನಿನ ಮನೆಯಲ್ಲಿದ್ದು ಕಾಫಿ ಹಣ್ಣು ಕೊಯ್ದು ಮುದುಕಿಯಾದ ಹೆಂಗಸೊಬ್ಬಳು ಮಾತ್ರ ನಕ್ಕಳು. "ಸುಳ್ಳು ಕುಂಟೋಕೆ ನನ್ಗೇನು ಕರ್ಮ, ರೈಟರಯ್ಯ? ನನ್ ಮಂಡಿ ಸತ್ಯವಾಗೇ ಕುಂಟ್ತದೆ."

ಅಳೆಯುವ ದಿನ ನಾವು ಮಾಡಿದ ನಾಟಕ ನೋಡಬೇಕಿತ್ತು. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬ ಪರೀಕ್ಷೆ. ವಾಚರ್ ಮೂರನೆಯ ಸಲಕ್ಕೇ ಸೊಂಟ ಹಿಡಿದು "ಅಮ್ಮಾ" ಎಂದ. ನಾನು ಆರು ಸಲ ಎದ್ದು, ಆಮೇಲೆ ನಡೆದು ತೋರಿಸುವಾಗ ಎಷ್ಟು ಚೆನ್ನಾಗಿ ತೂರಾಡಿದೆನೆಂದರೆ ಮೇಡಂ ಓಡಿಬಂದು ಕೈಹಿಡಿದರು. ಆಗ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ಹೊರಗೆ ಬಂದು ನಿಂತಿದ್ದೆವು, ಗೋಣಿಕೊಪ್ಪದ ಬಸ್ಸು ಬಂತು. ಅದು ನಿಲ್ದಾಣ ದಾಟಿ ನಿಂತಿತು. ತಪ್ಪಿದರೆ ಇನ್ನೊಂದು ಯಾವಾಗಲೋ. ವಾಚರ್ ಪಂಚೆ ಎತ್ತಿಕಟ್ಟಿ ಮುಂದೆ, ನಾನು ಹಿಂದೆ, ಉಳಿದವರು ನಮ್ಮ ಬೆನ್ನಿಗೆ, ಮಂಡಿನೋವಿನ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಓಟ. ಸೀಟು ಹಿಡಿದು ಕಿಟಕಿಯಿಂದ ನೋಡಿದರೆ, ಭವನದ ಬಾಗಿಲಲ್ಲಿ ನಮ್ಮ ಅಂಕಿ ಬರೆದ ಕಾಗದ ಹಿಡಿದು ಮೇಡಂ ನಿಂತಿದ್ದರು.

ಮುಂದಿನ ತರಗತಿಯಲ್ಲಿ ಅವರು ಬೈಯಲಿಲ್ಲ. ಕುರ್ಚಿ ಎಳೆದು ಹಾಕಿ, "ಬಸ್ಸಿಗೆ ಓಡಿದವರೆಲ್ಲ ಮತ್ತೆ ಬನ್ನಿ. ಅಜ್ಜೀದು ಸರಿಯಾಗಿದೆ," ಎಂದರಷ್ಟೆ.

ಈ ಸಲ ಹಲ್ಲು ಕಚ್ಚಿ ಎದ್ದೆ. ಎಂಟೇ ಸಲ! ನಿಜಕ್ಕೂ ನಟನೆಗೂ ನಡುವೆ ಎರಡೇ ಸಲದ ಅಂತರ. ಅದು ನನಗೆ ಮುಳ್ಳಿನಂತೆ ಚುಚ್ಚಿತು. ಅಂದಿನಿಂದ ತರಗತಿ ತಪ್ಪಿಸಲಿಲ್ಲ. ಮನೆಯಲ್ಲೂ ಮರಳು ತುಂಬಿದ ಬಾಟಲಿ ಎತ್ತಿ ಇಳಿಸಿದೆ.

ಮೂರು ತಿಂಗಳಿಗೆ ಟ್ರಸ್ಟಿನ ಮನುಷ್ಯ ಬಂದ. ಮೇಡಂ ಕೊನೆಯಲ್ಲಿ ಅಳೆದು ಕೊಟ್ಟ ಅಂಕಿಗಳನ್ನು ನೋಡಿ, "ಎದ್ದು ಕೂತರೆ ಲಾಭ ಏನು ಅಂತ ಹೇಳಿ," ಎಂದ. ಅಜ್ಜಿ ಬಾಯಿಬಿಟ್ಟಳು.

"ಬಸ್ಸಿನ ಮೆಟ್ಲು ಹತ್ತೋಕಾಗ್ದೆ ಆಸ್ಪತ್ರೆಗೆ ಆಟೋದಲ್ಲಿ ಹೋಗ್ತಿದ್ದೆ ಸಾರ್. ಈಗ ಹತ್ತುತ್ತೀನಿ. ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ? ಬರ್ಕೊಳ್ಳಿ. ಆಟೋದವನಿಗೆ ಲುಕ್ಸಾನು. ಅದನ್ನೂ ಬರ್ಕೊಳ್ಳಿ."

ಆತ ನಗುತ್ತಲೇ ಬರೆದುಕೊಂಡ. ಧೈರ್ಯ ಬಂದ ವಾಚರ್, "ವಾರಕ್ಕೆ ಎರಡು ಬೆಳಿಗ್ಗೆ ನಾನು ಮನೇಲಿರಲ್ಲ. ಅದು ನನ್ನ ಹೆಂಡ್ತಿಗೆ ಲಾಭ," ಎಂದು ಸೇರಿಸಿದ.

ತರಗತಿ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಈಗ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಸುತ್ತಿದ್ದಾರೆ. ಮೊನ್ನೆ ನಾನು ಗಾಳಿಗೆ ಸಿಕ್ಕ ಬಾಳೆಯಂತೆ ಓಲಾಡುತ್ತಿದ್ದಾಗ ಪಕ್ಕದಲ್ಲಿ ಅಜ್ಜಿ ಕಂಬದಂತೆ ನಿಂತಿದ್ದಳು. ತಿರುಗಿ ನೋಡದೆಯೇ ಹೇಳಿದಳು: "ಗೋಡೆ ಹಿಡ್ಕೊಳ್ಳಿ ರೈಟರಯ್ಯ, ನಾಚ್ಕೆ ಬೇಡ."

ಹಿಡಿದುಕೊಂಡೆ.